ಸಭೆಯೂ ಪಂಕ್ತಿಯೂ: ಕ್ರೈಸ್ತ ಸಭೆಯ ಏಕತೆಯ ಪರಿಕಲ್ಪನೆಯನ್ನು ಕುರಿತು

1

ಕನ್ನಡ ನಾಡಿನ ಕ್ರೈಸ್ತ ಮಿಶನರಿಗಳನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಮುದ್ರಣ, ನಿಘಂಟು, ವ್ಯಾಕರಣ ಮತ್ತು ಪತ್ರಿಕೆಗಳ ಸುತ್ತ ನಡೆದಿವೆ. 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು ಇವು ಕನ್ನಡ ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ತಮ್ಮ ಸ್ಥಾನವನ್ನು ಪಡೆದಿವೆ. ಇದು ಉಚಿತವೇ. ಆದರೆ ಆ ಮಿಶನರಿಗಳು ಮುಖ್ಯವೆಂದು ಭಾವಿಸಿದ್ದು ನಿಘಂಟನ್ನಲ್ಲ, ಧರ್ಮತತ್ತ್ವವನ್ನು. ಆ ತತ್ತ್ವವು ಕನ್ನಡಕ್ಕೆ ಬರುವಾಗ ಯಾವ ಮಾತುಗಳ ಆಸರೆಯನ್ನು ಪಡೆಯಿತು, ಆ ಮಾತುಗಳು ತತ್ತ್ವವನ್ನು ಯಾವ ಕಡೆಗೆ ಒಲಿಸಿದವು ಎಂಬ ಪ್ರಶ್ನೆಗೆ ನಮ್ಮ ವಿಮರ್ಶೆ ಕೊಟ್ಟ ಗಮನ ಕಡಿಮೆ. ಪ್ರಸ್ತುತ ಲೇಖನದಲ್ಲಿ ನಾವು ಅಂಥ ಒಂದು ಮಾತನ್ನು ಎತ್ತಿಕೊಂಡಿದ್ದೇವೆ. ಅದು ‘ಸಭೆ’ ಎಂಬ ಮಾತು.

ಕ್ರೈಸ್ತ ವಿಶ್ವಾಸ ಪ್ರಮಾಣಗಳಲ್ಲಿ ಮುಖ್ಯವಾದುದು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಮಾಣ. ಅದು ಸಭೆಗೆ ನಾಲ್ಕು ಲಕ್ಷಣಗಳನ್ನು ಹೇಳುತ್ತದೆ: ಸಭೆ ಒಂದು, ಅದು ಪವಿತ್ರವಾದುದು, ಸಾರ್ವತ್ರಿಕವಾದುದು, ಅಪೊಸ್ತಲರಿಂದ ಬಂದುದು. ಈ ನಾಲ್ಕರಲ್ಲಿ ಮೊದಲನೆಯದಾದ ಏಕತೆಯೇ ಹೆಚ್ಚು ವಾದಕ್ಕೆ ಒಳಗಾಗಿದೆ. ಒಂದೆಂದು ಪ್ರತಿವಾರವೂ ಸಾರುವ ಸಭೆ ಕಣ್ಣೆದುರಿಗೆ ಹಲವಾಗಿ ಒಡೆದು ನಿಂತಿದೆ. ಹಾಗಾದರೆ ಏಕತೆ ಎಲ್ಲಿದೆ? ಒಂದೇ ಆಡಳಿತದಲ್ಲಿಯೇ, ಒಂದೇ ಸಿದ್ಧಾಂತದಲ್ಲಿಯೇ, ಒಂದೇ ಗುರುಪರಂಪರೆಯಲ್ಲಿಯೇ, ಅಥವಾ ಒಂದೇ ಪಂಕ್ತಿಯಲ್ಲಿ ಕೂಡುವುದರಲ್ಲಿಯೇ? ಈ ಪ್ರಶ್ನೆಗೆ 1947ರಲ್ಲಿ ದಕ್ಷಿಣ ಭಾರತ ಕೊಟ್ಟ ಉತ್ತರವನ್ನೂ, ಅದಕ್ಕೆ ಒಬ್ಬ ಮಹಾಕವಿ ಎತ್ತಿದ ಆಕ್ಷೇಪವನ್ನೂ, ಆ ಆಕ್ಷೇಪ ಕಾಣದೆ ಹೋದ ಇನ್ನೊಂದು ಸಂಗತಿಯನ್ನೂ ಕನ್ನಡದ ಮಾತಿನ ಬೆಳಕಿನಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

2

ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಪದ ‘ಎಕ್ಲೇಸಿಯ’. ಅಥೆನ್ಸಿನಂಥ ನಗರಗಳಲ್ಲಿ ಪೌರರು ಕರೆಯಿಸಿಕೊಂಡು ಬಂದು ನೆರೆಯುವ ಕೂಟಕ್ಕೆ ಆ ಹೆಸರಿತ್ತು. ಹೀಬ್ರೂ ಧರ್ಮಗ್ರಂಥದ ಪ್ರಾಚೀನ ಗ್ರೀಕ್ ಅನುವಾದಕಾರರು ‘ಕಹಾಲ್’, ಅಂದರೆ ದೇವರ ಮುಂದೆ ನೆರೆದ ಜನ, ಎಂಬುದಕ್ಕೆ ಇದೇ ಪದವನ್ನು ಬಳಸಿದರು. ನಾಲ್ಕು ಸುವಾರ್ತೆಗಳಲ್ಲಿ ಈ ಪದ ಬರುವುದು ಮತ್ತಾಯನದರಲ್ಲಿ ಮಾತ್ರ, ಅದೂ 16 ಮತ್ತು 18ನೆಯ ಅಧ್ಯಾಯಗಳಲ್ಲಿ. ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಎಫೆಸದ ರಂಗಮಂದಿರದಲ್ಲಿ ಗದ್ದಲವೆಬ್ಬಿಸಿದ ಜನಜಂಗುಳಿಗೂ ಇದೇ ಪದವಿದೆ. ಹೀಗಾಗಿ ಮೂಲದಲ್ಲಿ ಇದು ಕಟ್ಟಡದ ಹೆಸರಲ್ಲ, ಸಂಸ್ಥೆಯ ಹೆಸರೂ ಅಲ್ಲ. ಜನ ಕೂಡುವ ಕ್ರಿಯೆಯ ಹೆಸರು.

ಯುರೋಪಿನ ಭಾಷೆಗಳಲ್ಲಿ ಈ ಅರ್ಥ ಮಸುಕಾಯಿತು. ಇಂಗ್ಲಿಷಿನ ‘ಚರ್ಚ್’, ಜರ್ಮನ್ನಿನ ‘ಕಿರ್ಖೆ’ ಇವು ಪ್ರಭುವಿನ ಮನೆ ಎಂಬರ್ಥದ ಬೇರೊಂದು ಗ್ರೀಕ್ ಪದದಿಂದ ಹುಟ್ಟಿದವು. ಹಾಗಾಗಿ ಕಟ್ಟಡ ಮತ್ತು ಸಂಸ್ಥೆ ಮುಂದೆ ಬಂದು ಜನ ಹಿಂದೆ ಸರಿದರು. ಜರ್ಮನ್ ಪದ ಲೂಥರನಿಗೆ ಹಿಡಿಸಲಿಲ್ಲ. 1526ರ ತನ್ನ ಇಂಗ್ಲಿಷ್ ಅನುವಾದದಲ್ಲಿ ಟಿಂಡೇಲನು ‘ಕಾಂಗ್ರಿಗೇಶನ್’, ಅಂದರೆ ನೆರೆದ ಜನ, ಎಂಬ ಪದವನ್ನು ಬಳಸಿದನು. ಥಾಮಸ್ ಮೋರ್ ಅದನ್ನು ಬರಿಯ ಪದಭೇದವೆಂದು ಬಿಡಲಿಲ್ಲ. ಸಂಸ್ಥೆಯ ಬುಡಕ್ಕೆ ಹಾಕಿದ ಕೊಡಲಿಯೆಂದೇ ಎಣಿಸಿದನು. 1611ರ ರಾಜಮುದ್ರೆಯ ಅನುವಾದದ ಕಾಲಕ್ಕೆ ಹಳೆಯ ಪದವನ್ನೇ ಉಳಿಸತಕ್ಕದ್ದೆಂದು ಅನುವಾದಕರಿಗೆ ನಿಯಮ ವಿಧಿಸಲಾಯಿತು. ಒಂದು ಪದದ ಆಯ್ಕೆ ಎಷ್ಟು ದೊಡ್ಡ ವಿಚಾರವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಕನ್ನಡಕ್ಕೆ ಆ ಜಗಳದ ಹೊರೆ ಇರಲಿಲ್ಲ. ಕನ್ನಡ ಬೈಬಲ್ ಪರಂಪರೆಯಲ್ಲಿ ‘ಸಭೆ’ ಎಂಬ ಮಾತು ನೆಲೆನಿಂತಿತು. ಯೆಹೂದ್ಯರ ಪ್ರಾರ್ಥನಾಲಯಕ್ಕೆ ‘ಸಭಾಮಂದಿರ’, ಕ್ರೈಸ್ತ ಸಮುದಾಯಕ್ಕೆ ‘ಸಭೆ’. ಕನ್ನಡ ಓದುಗನಿಗೆ ಇವೆರಡರ ನಂಟು ಕಿವಿಗೇ ಕೇಳಿಸುತ್ತದೆ. ಪ್ರಾಟೆಸ್ಟಂಟರ ‘ಸಭಾಪಾಲಕ’, ‘ಸಭಾಹಿರಿಯ’ ಎಂಬ ಮಾತುಗಳು ಇದೇ ಬುಡದಿಂದ ಚಿಗುರಿದವು. ಕಥೋಲಿಕರು ‘ಧರ್ಮಸಭೆ’ ಎಂದು ವಿಶೇಷಣವನ್ನು ಸೇರಿಸಿ ಅದೇ ಮಾತನ್ನು ಬಳಸಿದರು. ಕಟ್ಟಡಕ್ಕೆ ಕರಾವಳಿಯಲ್ಲಿ ಪೋರ್ಚುಗೀಸ್ ಮೂಲದ ‘ಇಗರ್ಜಿ’, ಬೇರೆಡೆ ‘ದೇವಾಲಯ’, ‘ಚರ್ಚು’ ಎಂಬ ಹೆಸರುಗಳಿರುವುದರಿಂದ ಜನಕ್ಕೂ ಕಟ್ಟಡಕ್ಕೂ ಇರುವ ಅಂತರ ಕನ್ನಡದಲ್ಲಿ ತಾನಾಗಿಯೇ ಸ್ಪಷ್ಟವಾಗಿ ಉಳಿಯಿತು.

ಬೇರೆ ಮಾತುಗಳು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಜೈನರ ‘ಸಂಘ’ವಿತ್ತು, ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಅಂಗಗಳನ್ನುಳ್ಳ ಅದು ಕ್ರಮಬದ್ಧವಾದ ಧಾರ್ಮಿಕ ಸಮುದಾಯದ ಹೆಸರು. ಶರಣರ ‘ಸಂಕುಲ’, ‘ಗಣ’ಗಳಿದ್ದವು. ಇವುಗಳಿಗೆ ಹೋಲಿಸಿದರೆ ‘ಸಭೆ’ ಧಾರ್ಮಿಕ ಛಾಯೆ ಕಡಿಮೆಯಿರುವ ಮಾತು. ಅದಕ್ಕೆ ರಾಜಾಸ್ಥಾನದ ವಾಸನೆಯಿದೆ, ನ್ಯಾಯತೀರ್ಮಾನದ ವಾಸನೆಯಿದೆ. ಕುಮಾರವ್ಯಾಸನನ್ನು ಬಲ್ಲವರಿಗೆ ಸಭೆಯೆಂದೊಡನೆ ನೆನಪಾಗುವುದು ದ್ರೌಪದಿ ಪ್ರಶ್ನೆ ಕೇಳಿ ನಿಂತ ಸಭೆ, ಹಿರಿಯರು ಉತ್ತರಿಸಲಾರದೆ ತಲೆತಗ್ಗಿಸಿದ ಸಭೆ. ಸಭೆ ಎಂಬಲ್ಲಿ ಯಾರಾದರೊಬ್ಬರು ಎದ್ದುನಿಂತು ನ್ಯಾಯ ಕೇಳಬಹುದು. ಆ ನ್ಯಾಯಕ್ಕೆ ಉತ್ತರ ಕೊಡದಿದ್ದರೆ ಸಭೆ ಸಭೆಯಾಗಿ ಉಳಿಯುವುದಿಲ್ಲ. ಈ ಧ್ವನಿಯನ್ನು ಅನುವಾದಕಾರರು ಉದ್ದೇಶಿಸಿರಲಿ ಬಿಡಲಿ, ಮಾತಿನೊಡನೆ ಅದು ಬಂದೇ ಬಂದಿದೆ.

3

ಸಭೆಯ ಏಕತೆಯನ್ನು ಕುರಿತ ಮೊದಲ ಜಗಳಗಳು ಯಾವುವೆಂದು ನೋಡಿದರೆ ಒಂದು ಸ್ವಾರಸ್ಯವಾದ ಸಂಗತಿ ಹೊರಬೀಳುತ್ತದೆ. ಅವು ಸಿದ್ಧಾಂತದ ಜಗಳಗಳಾಗುವ ಮೊದಲು ಊಟದ ಜಗಳಗಳಾಗಿದ್ದವು. ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಪೌಲನು ಅಂತಿಯೋಕ್ಯದ ಪ್ರಸಂಗವನ್ನು ಹೇಳುತ್ತಾನೆ. ಅನ್ಯಜನರೊಡನೆ ಕುಳಿತು ಉಣ್ಣುತ್ತಿದ್ದ ಪೇತ್ರನು, ಯಾಕೋಬನ ಕಡೆಯವರು ಬಂದೊಡನೆ ಅಂಜಿ ಎದ್ದು ದೂರ ಸರಿದನು. ಬಾರ್ನಬನೂ ಅವನ ಹಿಂದೆ ಹೋದನು. ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಿದನು. ಕನ್ನಡದಲ್ಲಿ ಇದಕ್ಕೆ ತಕ್ಕ ಹೆಸರು ಸಿದ್ಧವಾಗಿಯೇ ಇದೆ: ಪಂಕ್ತಿಭೇದ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದ್ದೂ ಇದೇ ವಿಷಯ. ಅಲ್ಲಿ ಸಭೆ ಕೂಡಿದಾಗ ಉಳ್ಳವರು ಮೊದಲೇ ಉಂಡು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದೇ ಉಳಿಯುತ್ತಿದ್ದರು. ಹೀಗೆ ನಡೆದುದು ಕರ್ತನ ಭೋಜನವೇ ಅಲ್ಲವೆಂದು ಪೌಲನ ತೀರ್ಪು. ಅವನು ಕೊಡುವ ಪರಿಹಾರದಲ್ಲಿ ತತ್ತ್ವಜ್ಞಾನದ ಆಡಂಬರವಿಲ್ಲ: ಒಬ್ಬರಿಗೊಬ್ಬರು ಕಾಯಬೇಕು, ಅಷ್ಟೆ. ಅದೇ ಪ್ರಕರಣದಲ್ಲಿ ‘ದೇಹವನ್ನು ಗುರುತಿಸದೆ’ ಉಣ್ಣುವವನ ಮಾತು ಬರುತ್ತದೆ. ಪ್ರಾಚೀನ ಹಸ್ತಪ್ರತಿಗಳಲ್ಲಿ ‘ದೇಹ’ ಎಂದಷ್ಟೇ ಇದೆ. ‘ಕರ್ತನ’ ಎಂಬ ವಿಶೇಷಣ ಅನಂತರದ ಪ್ರತಿಗಳಲ್ಲಿ ಸೇರಿದುದು. ಆ ದೇಹ ಮುರಿದ ರೊಟ್ಟಿಯೋ ನೆರೆದ ಜನವೋ ಎಂಬ ವಿಚಾರದಲ್ಲಿ ವ್ಯಾಖ್ಯಾನಕಾರರು ಒಡೆದಿದ್ದಾರೆ. ಮುಂದಿನ ಅಧ್ಯಾಯದಲ್ಲಿ ಪೌಲನು ಸಭೆಯನ್ನೇ ಹಲವು ಅಂಗಗಳ ಒಂದು ದೇಹವೆಂದು ವರ್ಣಿಸುವುದನ್ನು ನೋಡಿದರೆ, ಎರಡು ಅರ್ಥಗಳನ್ನೂ ಬಿಡಿಸಿ ಬೇರೆ ಮಾಡುವುದು ಅವನಿಗೆ ಬೇಕಾಗಿರಲಿಲ್ಲವೆಂದೇ ತೋರುತ್ತದೆ. ಹಸಿದವನನ್ನು ಗುರುತಿಸದವನಿಗೆ ರೊಟ್ಟಿಯೂ ದಕ್ಕದು.

ಅನಂತರದ ಕಾಲದಲ್ಲಿ ಏಕತೆಯ ನೆಲೆ ಪದವಿಯ ಕಡೆಗೆ ಸರಿಯಿತು. ಎರಡನೆಯ ಶತಮಾನದ ಆರಂಭದ ಅಂತಿಯೋಕ್ಯದ ಇಗ್ನೇಷಿಯಸನಲ್ಲಿ ಒಂದು ಭೋಜನ ಮತ್ತು ಒಬ್ಬ ಬಿಷಪ್ ಎಂಬ ಎರಡೂ ಕೂಡಿವೆ. ಮೂರನೆಯ ಶತಮಾನದ ನಡುವೆ ಕಾರ್ಥೇಜಿನ ಸಿಪ್ರಿಯನ್ ಸಭೆಯ ಏಕತೆಯ ಮೇಲೆ ಒಂದು ಗ್ರಂಥವನ್ನೇ ಬರೆದನು. ಅವನಲ್ಲಿ ಬಿಷಪರ ಒಮ್ಮತವೇ ಏಕತೆಯ ಬೆನ್ನೆಲುಬು. ಆ ಗ್ರಂಥದ 4ನೆಯ ಅಧ್ಯಾಯ ಎರಡು ಪಾಠಗಳಲ್ಲಿ ಉಳಿದುಬಂದಿದೆ. ಒಂದರಲ್ಲಿ ಪೇತ್ರನ ಅಗ್ರಸ್ಥಾನಕ್ಕೆ ಒತ್ತು, ಇನ್ನೊಂದರಲ್ಲಿ ಎಲ್ಲ ಅಪೊಸ್ತಲರ ಸಮಾನತೆಗೆ ಒತ್ತು. ಏಕತೆಯನ್ನು ಸಾರುವ ಪುಟವೇ ಎರಡಾಗಿ ಬಂದಿರುವುದು ಗ್ರಂಥಸಂಪಾದನೆಯ ಆಸಕ್ತರು ಗಮನಿಸಬೇಕಾದ ಸಂಗತಿ. ಆಡಳಿತ ಬೆಳೆದಂತೆ ಪದವಿಗೆ ಮಹತ್ತ್ವ ಬರುವುದು ಸಹಜ. ಆದರೆ ಪದವಿಯ ಪ್ರಶ್ನೆ ದೊಡ್ಡದಾದಷ್ಟೂ ಪಂಕ್ತಿಯ ಪ್ರಶ್ನೆ ಮರೆಗೆ ಸರಿಯಿತೆಂಬುದನ್ನೂ ನಾವು ಗುರುತಿಸಬೇಕಾಗುತ್ತದೆ.

4

ಕನ್ನಡದ ನೆಲದಲ್ಲಿ ಈ ಒಡಕು ಹೇಗೆ ಕಾಣಿಸಿಕೊಂಡಿತು? 1810ರಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದನು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಅಲ್ಲಿಂದ ಧಾರವಾಡದ ಕಡೆಗೂ ಹಬ್ಬಿದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮೆಥಡಿಸ್ಟರು ನೆಲೆಯೂರಿದರು. ಬೀದರ ಭಾಗದಲ್ಲಿ ಅಮೆರಿಕದ ಮೆಥಡಿಸ್ಟರು ಕೆಲಸ ಮಾಡಿದರು. ಆಗ ಬಳ್ಳಾರಿ, ಮಂಗಳೂರುಗಳು ಮದ್ರಾಸ್ ಪ್ರಾಂತ್ಯಕ್ಕೆ, ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ, ಬೀದರ ನಿಜಾಮನ ರಾಜ್ಯಕ್ಕೆ ಸೇರಿದ್ದವು. ಮಿಶನರಿ ಸಂಸ್ಥೆಗಳು ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ಕೈಯಿಡಬಾರದೆಂದು ತಮ್ಮೊಳಗೆ ಹಂಚಿಕೆ ಮಾಡಿಕೊಂಡಿದ್ದವು. ಇದರ ಫಲವಾಗಿ ಕನ್ನಡ ಕ್ರೈಸ್ತನೊಬ್ಬ ಯಾವ ಪಂಥದವನೆಂಬುದು ಅವನ ನಂಬಿಕೆಗಿಂತ ಅವನು ಹುಟ್ಟಿದ ಜಿಲ್ಲೆಯನ್ನು ಅವಲಂಬಿಸಿತ್ತು. ಇಂಗ್ಲೆಂಡಿನ, ಸ್ವಿಟ್ಜರ್ಲೆಂಡಿನ ಹಳೆಯ ಜಗಳಗಳು ಇಲ್ಲಿ ತಾಲೂಕಿನ ಗಡಿಗಳಾಗಿ ಮಾರ್ಪಟ್ಟವು. ಒಂದೇ ಭಾಷೆ, ಒಂದೇ ಧರ್ಮಗ್ರಂಥವಿದ್ದರೂ ಸಭೆಗಳು ಬೇರೆ ಬೇರೆ.

ಈ ಸ್ಥಿತಿಯ ಅಸಂಗತತೆ ಭಾರತೀಯ ಕ್ರೈಸ್ತರಿಗೆ ಬಹುಬೇಗ ಮನವರಿಕೆಯಾಯಿತು. 1908ರಲ್ಲಿ ದಕ್ಷಿಣ ಭಾರತ ಸಂಯುಕ್ತ ಸಭೆ ರೂಪುಗೊಂಡಿತು. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಸಭಾನಾಯಕರು, ಅವರಲ್ಲಿ ಬಹುಪಾಲು ಭಾರತೀಯರು, ಇನ್ನೂ ವಿಶಾಲವಾದ ಐಕ್ಯಕ್ಕೆ ಕರೆಕೊಟ್ಟರು. 1912ರಲ್ಲಿ ದೋರ್ಣಕಲ್ಲಿನ ಬಿಷಪರಾಗಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರೆನಿಸಿದ ವಿ. ಎಸ್. ಅಜರಯ್ಯನವರು ಅದರ ಪ್ರಮುಖ ಪ್ರೇರಕರು. 1927ರ ಲೊಸಾನ್ ಸಮ್ಮೇಳನದಲ್ಲಿ ಅವರು ಮಂಡಿಸಿದ ವಾದದ ತಾತ್ಪರ್ಯ ಇದು: ಕ್ರೈಸ್ತ ದೇಶಗಳಲ್ಲಿ ಒಡಕು ಒಂದು ದೌರ್ಬಲ್ಯವಿರಬಹುದು, ನಮ್ಮಲ್ಲಿ ಅದು ಪಾಪ. ಐಕ್ಯವನ್ನು ಕಾಣುವ ಮೊದಲೇ, 1945ರ ಜನವರಿ 1ರಂದು ಅವರು ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಸಂಯುಕ್ತ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಬಿಷಪರುಳ್ಳ ಸಭೆಯೂ ಬಿಷಪರಿಲ್ಲದ ಸಭೆಗಳೂ ಹೀಗೆ ಒಂದಾದುದು ಧರ್ಮಸುಧಾರಣೆಯ ಅನಂತರ ಅದೇ ಮೊದಲು.

ಈ ಕೂಡಿಕೆಯ ಸೂತ್ರ ವಿಮರ್ಶಕರ ಗಮನಕ್ಕೆ ಅರ್ಹವಾದುದು. ಬಿಷಪ್ ಪದವಿಯನ್ನು ಎಲ್ಲರೂ ಒಪ್ಪಿಕೊಂಡರು. ಆದರೆ ಆ ಪದವಿಗೆ ಇಂಥದೇ ಅರ್ಥವೆಂದು ಯಾರೂ ಕಟ್ಟುಮಾಡಲಿಲ್ಲ. ಅದು ಅಪೊಸ್ತಲರಿಂದ ಅಖಂಡವಾಗಿ ಬಂದ ಪರಂಪರೆಯೆಂದು ನಂಬುವವರಿಗೂ, ಒಳ್ಳೆಯ ಆಡಳಿತದ ಏರ್ಪಾಡೆಂದು ತಿಳಿಯುವವರಿಗೂ ಸ್ಥಳವಿತ್ತು. ಮುಂದಿನ ದೀಕ್ಷೆಗಳೆಲ್ಲ ಬಿಷಪರಿಂದಲೇ ಆಗತಕ್ಕದ್ದು. ಹಿಂದೆ ಬೇರೆ ರೀತಿಯಲ್ಲಿ ದೀಕ್ಷೆ ಪಡೆದವರು ಹಾಗೆಯೇ ಮುಂದುವರಿಯಬಹುದು. 30 ವರ್ಷಗಳ ಅನಂತರ ಈ ಮಿಶ್ರಸ್ಥಿತಿಯನ್ನು ಮರುಪರಿಶೀಲಿಸತಕ್ಕದ್ದು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಸೇವಕನನ್ನಾಗಲಿ ಆರಾಧನಾಕ್ರಮವನ್ನಾಗಲಿ ಹೇರತಕ್ಕದ್ದಲ್ಲ. ಮೊದಲು ಕೂಡೋಣ, ಅರ್ಥದ ಒಮ್ಮತ ಕೂಡಿದ ಬದುಕಿನಲ್ಲಿ ಬೆಳೆಯಲಿ ಎಂಬುದು ಈ ಸೂತ್ರದ ಹೃದಯ. ಉತ್ತರ ಭಾರತ ಸಭೆ 1970ರ ನವೆಂಬರ್ 29ರಂದು ನಾಗಪುರದಲ್ಲಿ ರೂಪುಗೊಂಡಾಗ ಬೇರೆ ದಾರಿಯನ್ನು ಹಿಡಿಯಿತು. ಎಲ್ಲ ಸೇವಕರ ಮೇಲೂ ಪರಸ್ಪರ ಹಸ್ತಾರ್ಪಣೆ ಮಾಡಿ ಆರಂಭದಲ್ಲಿಯೇ ಸೇವಕವರ್ಗವನ್ನು ಒಂದುಗೂಡಿಸಿತು.

5

ದಕ್ಷಿಣ ಭಾರತದ ಸೂತ್ರವನ್ನು ಕಟುವಾಗಿ ವಿರೋಧಿಸಿದವರಲ್ಲಿ ಟಿ. ಎಸ್. ಎಲಿಯಟ್ ಒಬ್ಬನು. ನವ್ಯದ ಕಾಲದ ಕನ್ನಡ ವಿಮರ್ಶೆ ಅವನನ್ನು ಪ್ರಧಾನವಾಗಿ ‘ದಿ ವೇಸ್ಟ್ ಲ್ಯಾಂಡ್’ (1922) ಕವಿಯಾಗಿ, ಪರಂಪರೆಯನ್ನು ಕುರಿತ ಪ್ರಬಂಧಗಳ ವಿಮರ್ಶಕನಾಗಿ ಓದಿತು. 1927ರಲ್ಲಿ ಆಂಗ್ಲಿಕನ್ ಸಭೆಯನ್ನು ಸೇರಿದ ಈ ಕವಿ 1943ರಲ್ಲಿ ‘ರೀಯೂನಿಯನ್ ಬೈ ಡಿಸ್ಟ್ರಕ್ಷನ್’ ಎಂಬ ಕಿರುಹೊತ್ತಗೆಯನ್ನು ಪ್ರಕಟಿಸಿದನು. ಅದು ದಕ್ಷಿಣ ಭಾರತದ ಐಕ್ಯಯೋಜನೆಯ ಮೇಲಿನ ವಿಚಾರಣೆ. ಜನಸಾಮಾನ್ಯ ವಿಶ್ವಾಸಿಗಳನ್ನು ಉದ್ದೇಶಿಸಿ ಬರೆದುದು. ಅವನ ‘ಫೋರ್ ಕ್ವಾರ್ಟೆಟ್ಸ್’ ಒಟ್ಟಾಗಿ ಪುಸ್ತಕರೂಪದಲ್ಲಿ ಮೊದಲು ಬಂದದ್ದೂ ಅದೇ 1943ರಲ್ಲಿ.

ಎಲಿಯಟ್‌ನ ಆಕ್ಷೇಪದ ತಿರುಳು ಭಾಷೆಗೆ ಸಂಬಂಧಿಸಿದ್ದು. ಒಂದೇ ಮಾತಿಗೆ ಸಹಿಹಾಕಿ ಒಬ್ಬೊಬ್ಬರು ಒಂದೊಂದು ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದು ಒಪ್ಪಂದವಲ್ಲ, ಒಪ್ಪಂದದ ತೋರಿಕೆ. ಪದವಿಯ ಅರ್ಥವನ್ನು ಬಿಟ್ಟು ಪದವಿಯನ್ನು ಮಾತ್ರ ಸ್ವೀಕರಿಸುವುದೆಂದರೆ ಅದನ್ನು ಒಳಗಿನಿಂದಲೇ ಕಳೆದುಕೊಂಡಂತೆ. ಈ ವಾದವನ್ನು ಪ್ರತಿಗಾಮಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ನಾವು ಹಾಗೆ ಮಾಡಲಾರೆವು. ಮಾತು ಜಾರಿದರೆ ತತ್ತ್ವವೂ ಜಾರುತ್ತದೆಂಬ ಎಚ್ಚರ ಸಾಹಿತ್ಯ ವಿಮರ್ಶೆಯ ಮೂಲಧರ್ಮ. ರಾಜಕೀಯದಲ್ಲಾಗಲಿ ಧರ್ಮದಲ್ಲಾಗಲಿ ಎಲ್ಲರಿಗೂ ಒಪ್ಪಿಗೆಯಾಗುವ ಸಡಿಲವಾದ ಮಾತು ಕೊನೆಗೆ ಯಾರನ್ನೂ ಕಟ್ಟಿಹಾಕದು. ಎಲಿಯಟ್ ಒಬ್ಬನದೇ ಆಕ್ಷೇಪವೂ ಅಲ್ಲ ಇದು. ಇಂಗ್ಲೆಂಡಿನ ಸಭೆ ಹೊಸ ಸಭೆಯೊಡನೆ ಕೂಡಲೇ ಪೂರ್ಣ ಬಳಕೆಯನ್ನು ಇಟ್ಟುಕೊಳ್ಳಲಿಲ್ಲ; 1955ರಲ್ಲಿ ಮಿತಿಗಳೊಡನೆ ಮಾನ್ಯತೆ ಕೊಟ್ಟಿತು.

ಆದರೆ ಎಲಿಯಟ್‌ನನ್ನು ಎಲಿಯಟ್‌ನಿಂದಲೇ ಪ್ರಶ್ನಿಸಬಹುದಾಗಿದೆ. 1948ರ ‘ನೋಟ್ಸ್ ಟುವರ್ಡ್ಸ್ ದಿ ಡೆಫಿನಿಷನ್ ಆಫ್ ಕಲ್ಚರ್’ ಗ್ರಂಥದಲ್ಲಿ ಏಕತೆ ಮತ್ತು ವೈವಿಧ್ಯಗಳನ್ನು ಕುರಿತು ಬರೆಯುವಾಗ ಅವನು ಕ್ರೈಸ್ತ ಜಗತ್ತು ಒಂದಾಗಿರಬೇಕು, ಆದರೆ ಆ ಒಂದರೊಳಗೆ ವಿಚಾರಗಳ ಸಂಘರ್ಷ ನಿಲ್ಲಬಾರದು ಎಂಬ ನಿಲುವನ್ನು ತಾಳುತ್ತಾನೆ. ಸಂಘರ್ಷಕ್ಕೆ ಎಡೆಮಾಡುವ ಏಕತೆ ಒಳ್ಳೆಯದೆಂದಾದರೆ, ಅರ್ಥದ ವ್ಯತ್ಯಾಸವನ್ನು ಬಚ್ಚಿಡದೆ ಬರೆಹದಲ್ಲಿಯೇ ಒಪ್ಪಿಕೊಂಡು ಕೂಡಿದ 1947ರ ಸಭೆ ಅದಕ್ಕೆ ಹತ್ತಿರದ ಉದಾಹರಣೆಯೇ ಆಗುತ್ತದೆ. ವ್ಯತ್ಯಾಸವನ್ನು ಮುಚ್ಚಿದರೆ ಮೋಸ. ವ್ಯತ್ಯಾಸವಿದೆಯೆಂದು ಹೇಳಿ ಕೂಡಿದರೆ ಅದು ಸಾಹಸ. ಇವೆರಡರ ನಡುವಿನ ಗೆರೆಯನ್ನು 1943ರ ಕಿರುಹೊತ್ತಗೆ ಸಾಕಷ್ಟು ಎಳೆಯಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಐಕ್ಯದ ಪರವಾಗಿ ಸಮರ್ಥವಾಗಿ ಬರೆದವರು ಮದುರೆ-ರಾಮನಾಡಿನ ಬಿಷಪರಾದ ಲೆಸ್ಲಿ ನ್ಯೂಬಿಗಿನ್. ಅವರ ‘ದಿ ರೀಯೂನಿಯನ್ ಆಫ್ ದಿ ಚರ್ಚ್’ (1948) ಮತ್ತು ‘ದಿ ಹೌಸ್‌ಹೋಲ್ಡ್ ಆಫ್ ಗಾಡ್’ (1953) ಗ್ರಂಥಗಳಲ್ಲಿ ಸಭೆ ದಾರಿಯಲ್ಲಿರುವ ಜನ, ಇನ್ನೂ ಮುಟ್ಟದ ಗುರಿಯ ಕಡೆಗೆ ಸಾಗುತ್ತಿರುವ ಜನ. 1961ರಲ್ಲಿ ದೆಹಲಿಯಲ್ಲಿ ಸೇರಿದ ವಿಶ್ವ ಸಭೆಗಳ ಒಕ್ಕೂಟದ ಮಹಾಧಿವೇಶನ ಏಕತೆಯೆಂದರೆ ಆಯಾ ಸ್ಥಳದಲ್ಲಿರುವ ಎಲ್ಲರೂ ಒಂದಾಗಿ ಕಾಣುವ ಬದುಕು ಎಂದು ವಿವರಿಸಿತು. ‘ಆಯಾ ಸ್ಥಳದಲ್ಲಿರುವ ಎಲ್ಲರೂ’ ಎಂಬುದು ಕನ್ನಡದ ‘ಸಭೆ’ಗೆ ಬಹು ಸಮೀಪದ ವ್ಯಾಖ್ಯಾನ. ಅದರ ಜೊತೆಗೆ ಒಂದು ತೊಡಕಿನ ಪ್ರಶ್ನೆಯೂ ಬರುತ್ತದೆ: ಎಲ್ಲರೂ ಎಂದರೆ ಯಾರು?

6

ಎಲಿಯಟ್ ನೋಡಿದ್ದು ಬಿಷಪನ ಕೈ ಯಾರ ತಲೆಯ ಮೇಲಿದೆ ಎಂಬುದನ್ನು. ಭಾರತದಲ್ಲಿ ಅದಕ್ಕಿಂತ ಹಿಂದಿನ ಪ್ರಶ್ನೆಯೊಂದಿತ್ತು: ಯಾರ ಕೈ ಯಾರನ್ನು ಮುಟ್ಟುತ್ತದೆ? 1833ರಲ್ಲಿ ಕಲಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಲ್ಲಿ ಜಾತಿಭೇದವನ್ನು ಬಿಡತಕ್ಕದ್ದೆಂದು ಸುತ್ತೋಲೆ ಕಳುಹಿಸಿದಾಗ ತಂಜಾವೂರು, ವೇಪೇರಿಗಳಲ್ಲಿ ಅನೇಕರು ಸಭೆಯನ್ನೇ ತೊರೆದು ಹೋದರು. ಬೇರೆ ಬೇರೆ ಕುಳಿತುಕೊಳ್ಳುವುದೂ ಒಂದೇ ಪಾತ್ರೆಯಿಂದ ಕುಡಿಯಲು ಹಿಂಜರಿಯುವುದೂ ಅಲ್ಲಿ ವಾಡಿಕೆಯಾಗಿದ್ದವು. ಕೊರಿಂಥದ ರೋಗ ಭಾರತದಲ್ಲಿ ಹುಟ್ಟಿನ ಆಧಾರವನ್ನೂ ಪಡೆದು ಮರಳಿ ಬಂದಿತ್ತು.

1947ರ ಸಂವಿಧಾನಸೂತ್ರಗಳ ಮೇಲೆ ಹರಿದ ಚರ್ಚೆಯ ಬಹುಭಾಗ ಬಿಷಪ್ ಪದವಿಗೆ ಮೀಸಲಾಯಿತು. ದಶಕಗಳ ಮಾತುಕತೆಯಲ್ಲಿ ಪಂಥಗಳು ಒಂದರೊಡನೊಂದು ಹೇಗೆ ಕೂಡಬೇಕೆಂಬುದು ಸೂಕ್ಷ್ಮವಾಗಿ ತೂಗಲ್ಪಟ್ಟಿತು. ಒಂದೇ ಪಂಥದೊಳಗೆ ಜಾತಿಗಳು ಹೇಗೆ ಕೂಡಬೇಕೆಂಬುದಕ್ಕೆ ಅಂಥ ತೂಕ ದೊರೆಯಲಿಲ್ಲ. ಆದರೆ ಸೂತ್ರ ಹೇಳದ ಒಂದು ಮಾತನ್ನು ಆರಾಧನಾಕ್ರಮ ಹೇಳಿತು. 1950ರಲ್ಲಿ ಪ್ರಕಟವಾದ ಕರ್ತನ ಭೋಜನದ ಕ್ರಮದಲ್ಲಿ ಸಿರಿಯನ್ ಕ್ರೈಸ್ತರ ಪ್ರಾಚೀನ ವಾಡಿಕೆಯಿಂದ ‘ಸಮಾಧಾನ’ವನ್ನು ಕೈಯಿಂದ ಕೈಗೆ ದಾಟಿಸುವ ವಿಧಿಯನ್ನು ತೆಗೆದುಕೊಳ್ಳಲಾಯಿತು. ಒಬ್ಬನ ಜೋಡಿಸಿದ ಅಂಗೈಗಳು ಪಕ್ಕದವನ ಅಂಗೈಗಳ ನಡುವೆ ಸೇರಿ ಸಾಲಿನಿಂದ ಸಾಲಿಗೆ ಸಾಗುತ್ತವೆ. ಪಾಶ್ಚಾತ್ಯ ಸಭೆಗಳು ಇದನ್ನು ಆರಾಧನಾ ಸುಧಾರಣೆಯ ಸೊಗಸಾದ ಮಾದರಿಯೆಂದು ಮೆಚ್ಚಿದವು. ಅಸ್ಪೃಶ್ಯತೆಯನ್ನು ಕಂಡ ನಾಡಿನವರಿಗೆ ಅದರ ಅರ್ಥ ಸೊಗಸಿಗಿಂತ ದೊಡ್ಡದು. ಮುಟ್ಟದವರು ಮುಟ್ಟದೆ ಈ ವಿಧಿ ಮುಂದೆ ಸಾಗದು. ಸರಪಣಿ ಎಲ್ಲಿ ಕಡಿಯಿತೆಂಬುದು ಎಲ್ಲರಿಗೂ ಕಾಣುತ್ತದೆ. ಸಭೆಯ ಸ್ವರೂಪವನ್ನು ಕುರಿತ ಅನೇಕ ಪುಟಗಳ ಹೇಳಿಕೆಗಿಂತ ಇದು ಖಚಿತವಾದ ಹೇಳಿಕೆಯೆಂದು ನಮಗೆ ತೋರುತ್ತದೆ.

ವಿಧಿಯಲ್ಲಿ ಬಂದುದು ಬದುಕಿನಲ್ಲಿ ಬಂದಿತೆಂದು ಹೇಳುವಂತಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ಧರ್ಮಶಾಸ್ತ್ರದ ಚರ್ಚೆಗೆ ಹೊಸ ಚಾಲನೆ ದೊರೆಯಿತು. ಸಭೆಯಲ್ಲಿ ಬಹುಸಂಖ್ಯಾತರಾದವರ ನೋವು ಸಭೆಯ ಸಿದ್ಧಾಂತದಲ್ಲಿ ಏಕಿಲ್ಲವೆಂದು ಅದು ಕೇಳಿತು. 2016ರಲ್ಲಿ ಭಾರತದ ಕಥೋಲಿಕ ಬಿಷಪರ ಸಮ್ಮೇಳನ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೆ ಜಾತಿಭೇದ ಉಳಿದಿರುವುದನ್ನು ಒಪ್ಪಿಕೊಂಡಿತು. ದ್ರೌಪದಿಯ ಪ್ರಶ್ನೆಯಂತೆ ಇದೂ ಸಭೆಯ ನಡುವೆ ನಿಂತು ಕೇಳಿದ ಪ್ರಶ್ನೆ. ಹೊರಗಿನವರು ಕೇಳಿದ್ದರೆ ಅದು ಟೀಕೆಯಾಗುತ್ತಿತ್ತು. ಒಳಗಿನವರು ಕೇಳಿದ್ದರಿಂದ ಅದು ಸಭೆಯ ಸ್ವರೂಪದ ಪ್ರಶ್ನೆಯಾಯಿತು.

7

ಕಥೋಲಿಕ ಚಿಂತನೆಯಲ್ಲಿಯೂ ಏಕತೆಯ ಮಾತು ಬದಲಾಗದೆ ಉಳಿಯಲಿಲ್ಲ. 1943ರಲ್ಲಿ, ಎಲಿಯಟ್‌ನ ಕಿರುಹೊತ್ತಗೆ ಬಂದ ವರ್ಷದಲ್ಲಿಯೇ, 12ನೆಯ ಪಯಸ್ ಪೋಪರು ತಮ್ಮ ಪರಿಪತ್ರದಲ್ಲಿ ಕ್ರಿಸ್ತನ ರಹಸ್ಯಮಯ ದೇಹವೇ ರೋಮನ್ ಕಥೋಲಿಕ ಧರ್ಮಸಭೆಯೆಂದು ಸಮೀಕರಿಸಿದರು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ‘ಲೂಮೆನ್ ಜೆಂಟಿಯಮ್’ ಎಂಬ ಶಾಸನ ‘ಆಗಿದೆ’ ಎಂಬರ್ಥದ ಲ್ಯಾಟಿನ್ ಕ್ರಿಯಾಪದವನ್ನು ಬಿಟ್ಟು ‘ನೆಲೆಗೊಂಡಿದೆ’ ಎಂಬರ್ಥದ ಇನ್ನೊಂದು ಕ್ರಿಯಾಪದವನ್ನು ಇಟ್ಟಿತು. ಕ್ರಿಸ್ತನ ಸಭೆ ಕಥೋಲಿಕ ಧರ್ಮಸಭೆಯಲ್ಲಿ ನೆಲೆಗೊಂಡಿದೆ. ಆದರೆ ಅದರ ಹೊರಗೂ ಪಾವಿತ್ರ್ಯದ, ಸತ್ಯದ ಅಂಶಗಳಿವೆ. ಒಂದು ಕ್ರಿಯಾಪದದ ಬದಲಾವಣೆಯಿಂದ ಬೇರೆ ಸಭೆಗಳೊಡನೆ ಮಾತನಾಡುವ ಬಾಗಿಲು ತೆರೆಯಿತು. ಆ ಪದದ ವ್ಯಾಪ್ತಿ ಎಷ್ಟೆಂಬ ವಾದ ಮುಂದುವರಿದು, 2000 ಮತ್ತು 2007ರಲ್ಲಿ ರೋಮ್ ಮತ್ತೆ ವಿವರಣೆಗಳನ್ನು ಕೊಡಬೇಕಾಯಿತು. ಅರ್ಥ ಸಡಿಲವಾದ ಮಾತುಗಳು ಎಲಿಯಟ್ ಅಂಜಿದಂತೆ ದಕ್ಷಿಣ ಭಾರತದಲ್ಲಿ ಮಾತ್ರ ಇರಲಿಲ್ಲವೆಂದಾಯಿತು.

ಇಲ್ಲಿಯೂ ಕನ್ನಡದ ಎರಡು ಮಾತುಗಳು ಪರಿಶೀಲನೆಗೆ ಯೋಗ್ಯವಾಗಿವೆ. ಪ್ರಾಟೆಸ್ಟಂಟರು ‘ಕರ್ತನ ಭೋಜನ’ ಎನ್ನುವುದನ್ನು ಕಥೋಲಿಕರು ‘ಪರಮಪ್ರಸಾದ’ ಎನ್ನುತ್ತಾರೆ. ಭೋಜನವೆಂದೊಡನೆ ಪಂಕ್ತಿ ಕಣ್ಣಮುಂದೆ ಬರುತ್ತದೆ: ಯಾರ ಪಕ್ಕ ಯಾರು, ಬಡಿಸುವವರು ಯಾರು, ಮೊದಲು ಯಾರು. ಪ್ರಸಾದವೆಂದೊಡನೆ ಚಾಚಿದ ಕೈ ಕಾಣುತ್ತದೆ. ಅಲ್ಲಿ ಕೊಡುವವನ ಕೃಪೆ ಮುಖ್ಯ, ಪಡೆಯುವವರೆಲ್ಲರೂ ಸಮಾನರು. ಶರಣಧರ್ಮದಲ್ಲಿ ಪ್ರಸಾದ ಜಾತಿಯನ್ನು ಮೀರಿದ ವಸ್ತುವೆಂಬ ನೆನಪೂ ಆ ಮಾತಿನ ಬೆನ್ನಿಗಿದೆ. ಮೊದಲನೆಯ ಮಾತು ಏಕತೆಯನ್ನು ಅಕ್ಕಪಕ್ಕದ ಸಂಬಂಧವಾಗಿ ಕಾಣಿಸುತ್ತದೆ, ಎರಡನೆಯದು ಮೇಲಿನಿಂದ ಇಳಿದುಬರುವ ವರವಾಗಿ. ಒಂದು ಇನ್ನೊಂದನ್ನು ತಿದ್ದಬಲ್ಲದು. ಪಂಕ್ತಿಯಿಲ್ಲದ ಪ್ರಸಾದ ಒಬ್ಬಂಟಿ ಭಕ್ತಿಯಾಗಬಹುದು. ಪ್ರಸಾದವಿಲ್ಲದ ಪಂಕ್ತಿ ಬರಿಯ ಸಹಭೋಜನವಾಗಬಹುದು. ಸಂಧಿಸದೆ ಉಳಿದ ಎರಡು ಕನ್ನಡ ಪದಕೋಶಗಳು ಸಂಧಿಸಿದಾಗ ಕನ್ನಡ ಕ್ರೈಸ್ತ ಚಿಂತನೆಗೆ ತನ್ನದೇ ಆದ ಸಭಾತತ್ತ್ವ ದೊರೆಯುವ ಸಾಧ್ಯತೆಯಿದೆ.

8

ಈವರೆಗಿನ ವಿವೇಚನೆಯಿಂದ ನಮಗೆ ದೊರೆಯುವ ನಿಲುವು ಇಷ್ಟು. ಏಕತೆಯನ್ನು ಸಿದ್ಧಾಂತದ ಏಕಾರ್ಥತೆಯಲ್ಲಿ ಹುಡುಕಿದರೆ ಅದು ಎಲ್ಲಿಯೂ ದೊರೆಯದು. ಸಿಪ್ರಿಯನನ ಪುಟದಲ್ಲಿಯೂ ಇಲ್ಲ, ವ್ಯಾಟಿಕನ್ ಶಾಸನದಲ್ಲಿಯೂ ಇಲ್ಲ. ಕೂಡುವ ಕ್ರಿಯೆಯಲ್ಲಿ ಅದನ್ನು ಹುಡುಕಿದ 1947ರ ಪ್ರಯೋಗಕ್ಕೆ ಕನ್ನಡದ ‘ಸಭೆ’ ಎಂಬ ಮಾತಿನ ಬೆಂಬಲವಿದೆ. ಮಾತಿನ ಸಡಿಲತೆಯನ್ನು ಕುರಿತು ಎಲಿಯಟ್ ಕೊಟ್ಟ ಎಚ್ಚರಿಕೆ ಇಂದಿಗೂ ಬೆಲೆಯುಳ್ಳದ್ದು. ಆದರೆ ಅವನು ಅದನ್ನು ಅನ್ವಯಿಸಿದ ಜಾಗ ಸರಿಯಾದುದಲ್ಲ. ಸಡಿಲವಾಗಿ ಉಳಿಯಬಾರದಾಗಿದ್ದ ಮಾತು ‘ಬಿಷಪ್’ ಅಲ್ಲ, ‘ಎಲ್ಲರೂ’.

ಹೊರನಾಡಿನ ಸಂಶೋಧಕರಿಗೆ ಈ ಕ್ಷೇತ್ರದಲ್ಲಿ ವಿಶೇಷ ಅನುಕೂಲವಿದೆ. ಈ ಚರಿತ್ರೆಯ ನಿರ್ಣಾಯಕ ಘಟನೆಗಳು ನಡೆದುದು ಮದ್ರಾಸು, ತರಂಗಂಬಾಡಿ, ದೆಹಲಿ, ನಾಗಪುರಗಳಲ್ಲಿ. ಕನ್ನಡ ಸಭೆಗಳು ಬೆಳೆದುದು ಮೂರು ನಾಲ್ಕು ಆಡಳಿತಗಳ ನೆರಳಿನಲ್ಲಿ. 1970ರಲ್ಲಿ ಮೈಸೂರು ಧರ್ಮಪ್ರಾಂತ ಮೂರಾಗಿ ಒಡೆದ ಅನಂತರದ ದಾಖಲೆಗಳು ಒಂದು ಕಡೆಯಾದರೆ, ಅದಕ್ಕೂ ಹಿಂದಿನ ಪ್ರಾಂತ್ಯಗಳ ದಾಖಲೆಗಳು ರಾಜ್ಯದ ಹೊರಗಿವೆ. ಕನ್ನಡ ಸಭೆಗಳ ನಡಾವಳಿ ಪುಸ್ತಕಗಳು, ಕೀರ್ತನೆಗಳ ಸಂಗ್ರಹಗಳು, ವಿವಾಹ ಮತ್ತು ಸಮಾಧಿ ದಫ್ತರಗಳು, ಆರಾಧನಾಕ್ರಮದ ಕನ್ನಡ ಅನುವಾದಗಳು, ಇವುಗಳನ್ನು ಧರ್ಮಶಾಸ್ತ್ರದ ಪಠ್ಯಗಳೆಂದೇ ಓದಬೇಕಾಗಿದೆ. ಅವುಗಳಲ್ಲಿ ಯಾರ ಹೆಸರಿನ ಮುಂದೆ ಏನು ಬರೆದಿದೆ, ಯಾರ ಸಮಾಧಿ ಎಲ್ಲಿದೆ, ಊಟದ ಏರ್ಪಾಡಿನ ಜಗಳವನ್ನು ಹಿರಿಯರು ಹೇಗೆ ತೀರಿಸಿದರು ಎಂಬ ವಿವರಗಳು ಸಭೆಯ ಸ್ವರೂಪವನ್ನು ಯಾವ ಪ್ರಮಾಣವಾಕ್ಯಕ್ಕಿಂತಲೂ ನೇರವಾಗಿ ತಿಳಿಸಬಲ್ಲವು. ಪೌಲನು ಕೊರಿಂಥದ ಸಭೆಯನ್ನು ಓದಿದ ಕ್ರಮವೂ ಇದೇ ಆಗಿತ್ತು: ಅವನು ಮೊದಲು ವಿಚಾರಿಸಿದ್ದು ಅಲ್ಲಿ ಯಾರು ಉಂಡರು, ಯಾರು ಹಸಿದು ಉಳಿದರು ಎಂಬುದನ್ನು.